ಸಭಾಪಾಲಕರ ಬೇಸಿಗೆಯ ಓದು ರಜೆಯಲ್ಲ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ತಮ್ಮ ಚರ್ಚಿನ ಸಭಾಪಾಲಕರು (ಪಾಸ್ಟರ್) ಅಧ್ಯಯನದ ಹೆಸರಿನಲ್ಲಿ ಮೂರು ನಾಲ್ಕು ವಾರ ಯಾರ ಕೈಗೂ ಸಿಗುವುದಿಲ್ಲ, ಓದುವುದಕ್ಕೂ ಸಭೆ, ಅಂದರೆ ಚರ್ಚಿನ ಸಮುದಾಯ, ಸಂಬಳ ಕೊಡಬೇಕೇ ಎಂದು ಕಳೆದ ವಾರ ತಮ್ಮ ವಾಚಕರ ವಿಭಾಗದಲ್ಲಿ ಓದುಗರೊಬ್ಬರು ಕೇಳಿದ್ದಾರೆ. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಸಭೆಯ ಕಾಣಿಕೆಯ ಹಣ ಪೋಲಾಗಬಾರದೆಂಬ ಕಾಳಜಿಯಿತ್ತು. ಹನ್ನೊಂದು ವರ್ಷ ಒಂದು ಸಭೆಯ ಖಜಾಂಚಿಯಾಗಿದ್ದ ನಾನು ಆ ಕಾಳಜಿಯನ್ನು ಬಲ್ಲೆ, ಅದೇ ಪ್ರಶ್ನೆಯನ್ನು ಹೆಚ್ಚುಕಡಿಮೆ ಅದೇ ಮಾತಿನಲ್ಲಿ ನಾನೂ ಒಮ್ಮೆ ಕೇಳಿದ್ದೆ. ಆಗ ನಾನು ತಪ್ಪಿದ್ದೆ ಎಂದು ಈಗ ಅನಿಸುತ್ತಿರುವುದರಿಂದ ಈ ಪತ್ರ.

ಆ ದಿನದ ಸಮಿತಿ ಸಭೆ ನನಗೆ ಚೆನ್ನಾಗಿ ನೆನಪಿದೆ. ಕಾರ್ಯಸೂಚಿಯಲ್ಲಿ ಛಾವಣಿ ಸೋರುವ ವಿಷಯ ಮೊದಲಿತ್ತು, ಧ್ವನಿವರ್ಧಕದ ದುರಸ್ತಿ ಎರಡನೆಯದು, ಸಭಾಪಾಲಕರ ಅರ್ಜಿ ಕೊನೆಯದು. ಅರ್ಧ ಹಾಳೆಯ ಅರ್ಜಿ. ವಾರ್ಷಿಕ ರಜೆಯಲ್ಲದೆ ಬೇಸಿಗೆಯಲ್ಲಿ ನಾಲ್ಕು ವಾರ ಅಧ್ಯಯನಕ್ಕಾಗಿ ಬಿಡುವು ಕೊಡಬೇಕು, ಆ ಭಾನುವಾರಗಳ ಆರಾಧನೆಯನ್ನು ಯಾರು ನಡೆಸುವರೆಂಬುದನ್ನು ತಾವೇ ಗೊತ್ತುಮಾಡಿಕೊಡುವುದಾಗಿ ಬರೆದು, ಕೆಳಗೆ ಓದಬೇಕೆಂದಿರುವ ನಾಲ್ಕು ಪುಸ್ತಕಗಳ ಹೆಸರು ಹಾಕಿದ್ದರು. ರಾತ್ರಿ ಊಟವಾದ ಮೇಲೆ ಓದಿಕೊಳ್ಳಬಹುದಲ್ಲ ಎಂದು ಒಬ್ಬರು ಹೇಳಿದರು. ದೇವರ ಸೇವಕರಿಗೆ ಸತ್ಯವೇದವೊಂದು (ಬೈಬಲ್) ಸಾಲದೇ ಎಂದು ಇನ್ನೊಬ್ಬರು ಕೇಳಿದರು. ನಾನು ಲೆಕ್ಕದವನಾದ್ದರಿಂದ ಲೆಕ್ಕದ ಮಾತನ್ನೇ ಆಡಿದೆ: ತಿಂಗಳ ಸಂಬಳವನ್ನು ನಾಲ್ಕು ಪುಸ್ತಕಕ್ಕೆ ಭಾಗಿಸಿ, ಒಂದೊಂದು ಪುಸ್ತಕ ಸಭೆಗೆ ಎಷ್ಟು ಬೀಳುತ್ತದೆಂದು ಹೇಳಿದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಅರ್ಜಿ ಬಿದ್ದುಹೋಯಿತು.

ಕೆಲವು ತಿಂಗಳ ನಂತರ ಚೆಕ್ಕಿಗೆ ಸಹಿ ಮಾಡಿಸಲು ಅವರ ಮನೆಗೆ ಹೋಗಿದ್ದೆ. ಅವರು ಒಳಗೆ ಫೋನಿನಲ್ಲಿ ಯಾರನ್ನೋ ಸಮಾಧಾನಪಡಿಸುತ್ತಿದ್ದರು. ಮೇಜಿನ ಮೇಲೆ ದಪ್ಪ ವ್ಯಾಖ್ಯಾನ ಗ್ರಂಥವೊಂದಿತ್ತು, ಅದರೊಳಗೆ ಗುರುತಿಗೆಂದು ಇಟ್ಟ ಕಾಗದದ ತುದಿ ಹೊರಗೆ ಕಾಣುತ್ತಿತ್ತು. ಸುಮ್ಮನೆ ಎಳೆದು ನೋಡಿದರೆ ನಮ್ಮದೇ ಸಭೆಯ ಹಿರಿಯರೊಬ್ಬರ ಅಂತ್ಯಕ್ರಿಯೆಯ ಆರಾಧನಾ ಕ್ರಮದ ಹಾಳೆ, ಅವರು ತೀರಿಕೊಂಡು ಏಳು ತಿಂಗಳಾಗಿತ್ತು. ಅದು ನಲವತ್ತೊಂದನೆಯ ಪುಟದಲ್ಲಿತ್ತು. ಏಳು ತಿಂಗಳಿಂದ ಅಲ್ಲೇ ಇತ್ತು. ಮಾಡಬಾರದ ಕೆಲಸ ಮಾಡಿದವನಂತೆ ನಾನು ಅದನ್ನು ಅಲ್ಲೇ ಸೇರಿಸಿ ಕುಳಿತೆ.

ಅಂದು ಮನೆಗೆ ಹೋಗಿ ಇನ್ನೊಂದು ಲೆಕ್ಕ ಹಾಕಿದೆ. ಭಾನುವಾರಕ್ಕೆ ಇಪ್ಪತ್ತು ನಿಮಿಷದ ಒಂದು ಪ್ರಸಂಗ (ಧರ್ಮೋಪದೇಶ), ನಿಮಿಷಕ್ಕೆ ನೂರು ಪದವೆಂದರೂ ಎರಡು ಸಾವಿರ ಪದ, ವರ್ಷಕ್ಕೆ ಐವತ್ತು ಭಾನುವಾರವೆಂದರೆ ಒಂದು ಲಕ್ಷ ಪದ. ಮದುವೆ, ಮರಣ, ಗೃಹಪ್ರಾರ್ಥನೆ, ಯುವಜನರ ಕೂಟ, ಉಪವಾಸಕಾಲದ ಧ್ಯಾನಗಳನ್ನು ಇದರಲ್ಲಿ ಹಿಡಿದಿಲ್ಲ. ಅಂದರೆ ವರ್ಷಕ್ಕೊಂದು ದಪ್ಪ ಪುಸ್ತಕದಷ್ಟು ಮಾತನ್ನು, ಅದೂ ಪ್ರತಿವಾರ ಅದೇ ಮುಖಗಳ ಎದುರಿನಲ್ಲಿ, ಒಬ್ಬನೇ ಮನುಷ್ಯ ಹುಟ್ಟಿಸಬೇಕು. ಆ ಮನುಷ್ಯ ಇಡೀ ವರ್ಷದಲ್ಲಿ ನಲವತ್ತೊಂದು ಪುಟ ಓದಿದ್ದಾನೆ. ಬಾವಿಯಿಂದ ಸೇದುವುದನ್ನಷ್ಟೇ ನಾವು ನೋಡುತ್ತಿದ್ದೆವು. ಊಟೆ ಬತ್ತುತ್ತಿರುವುದು ಯಾರ ಗಮನಕ್ಕೂ ಬಂದಿರಲಿಲ್ಲ. ಆ ವರ್ಷ ಪ್ರಸಂಗಗಳು ಕೆಟ್ಟದಾಗಿದ್ದವು ಎನ್ನಲಾರೆ, ಆದರೆ ಮುಂದಿನ ವಾಕ್ಯ ಯಾವುದೆಂದು ಬೆಂಚಿನಲ್ಲಿ ಕುಳಿತೇ ಊಹಿಸಬಹುದಾಗಿತ್ತು. ಕಾರಣ ಸೋಮಾರಿತನವಾಗಿರಲಿಲ್ಲ. ಸೋಮವಾರ ಆಸ್ಪತ್ರೆ, ಮಂಗಳವಾರ ಶಾಲೆಯ ಸಮಿತಿ, ಬುಧವಾರ ಎರಡು ಮನೆಗಳ ಜಗಳ, ಗುರುವಾರ ಕಚೇರಿಯ ಕಾಗದಪತ್ರ, ಶುಕ್ರವಾರ ಪ್ರಾರ್ಥನಾಕೂಟ. ಪ್ರಸಂಗದ ಸಿದ್ಧತೆಗೆ ಉಳಿಯುತ್ತಿದ್ದುದು ಶನಿವಾರದ ರಾತ್ರಿ ಹನ್ನೊಂದರ ನಂತರದ ಹೊತ್ತು ಮಾತ್ರ. ರಾತ್ರಿ ಓದಿಕೊಳ್ಳಿ ಎಂದು ನಾವು ಅಪ್ಪಣೆ ಕೊಟ್ಟದ್ದು ಈ ರಾತ್ರಿಯನ್ನೇ.

ಇಂಥ ಅರ್ಜಿ ಹೊಸಕಾಲದ ಷೋಕಿಯೆಂದು ಪತ್ರ ಬರೆದವರು ಭಾವಿಸಿರುವಂತಿದೆ. ಅದು ಬಹಳ ಹಳೆಯದು. ಕ್ರಿ.ಶ. 391ರಲ್ಲಿ ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದಲ್ಲಿ ಜನರು ಒತ್ತಾಯದಿಂದ ಹಿಡಿದು ಗುರುದೀಕ್ಷೆ ಕೊಡಿಸಿದ ಆಗಸ್ಟೀನರು ತಮ್ಮ ಬಿಷಪ್ ವಲೇರಿಯಸ್ ಅವರಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ದೋಣಿಯ ಹುಟ್ಟು ಹಿಡಿಯಲೂ ಬಾರದ ತನ್ನನ್ನು ಚುಕ್ಕಾಣಿಯ ಬಳಿ ಎರಡನೆಯ ಜಾಗದಲ್ಲಿ ಕೂರಿಸಿಬಿಟ್ಟಿದ್ದಾರೆ ಎಂದು ಅದರಲ್ಲಿ ಅಳಲುತ್ತಾರೆ. ಕಾಟಾಚಾರಕ್ಕೆ, ಜನರನ್ನು ಮೆಚ್ಚಿಸುತ್ತ ಮಾಡಿದರೆ ಈ ಸೇವೆಗಿಂತ ಹಗುರವಾದ ಕೆಲಸವಿಲ್ಲ, ನಿಜವಾಗಿ ಮಾಡಹೊರಟರೆ ಇದಕ್ಕಿಂತ ಕಷ್ಟದ್ದಿಲ್ಲ ಎಂಬರ್ಥದ ಮಾತನ್ನಾಡಿ, ಈಸ್ಟರ್ ಹಬ್ಬದವರೆಗಾದರೂ ಪವಿತ್ರಗ್ರಂಥವನ್ನು ಅಭ್ಯಾಸ ಮಾಡಲು ಸಮಯ ಕೊಡಿ ಎಂದು ಬೇಡಿಕೊಳ್ಳುತ್ತಾರೆ. ಅವರು ಓದದವರಲ್ಲ, ಮಿಲಾನಿನಲ್ಲಿ ವಾಗ್ಮಿತೆಯನ್ನು ಕಲಿಸುತ್ತಿದ್ದವರು, ಮಾತು ಅವರ ಕಸುಬು. ಅಂಥವರಿಗೆ ಮಾತಿನ ಕೊರತೆಯಿರಲಿಲ್ಲ. ನರಳುವ ಜನರ ನಡುವೆ ನಿಂತಾಗ ಆಡಬೇಕಾದದ್ದು ತಮ್ಮೊಳಗೆ ಇಲ್ಲವೆಂಬುದು ಆ ಸೇವೆಗೆ ಇಳಿದ ಮೇಲೆ ತಿಳಿಯಿತು. ನಮ್ಮ ಸಮಿತಿಯ ಮುಂದೆ ಬಂದ ಅರ್ಧ ಹಾಳೆ ಈ ಪತ್ರದ ಸಂತಾನ. ಅದರ ಖರ್ಚನ್ನು ನಾನು ಭಾಗಾಕಾರ ಮಾಡಿದ್ದೆ.

ಸತ್ಯವೇದವೊಂದು ಸಾಲದೇ ಎಂಬ ಪ್ರಶ್ನೆಗೆ ಸತ್ಯವೇದವೇ ಉತ್ತರ ಕೊಡುತ್ತದೆ. ಕಿರಿಯ ಸಹಸೇವಕ ತಿಮೊಥೆಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಸೆರೆಯಲ್ಲಿದ್ದಾನೆ, ತನ್ನ ಅಂತ್ಯ ಹತ್ತಿರವಾಯಿತೆಂದು ಅವನಿಗೆ ಗೊತ್ತಿದೆ. ಚಳಿಗಾಲಕ್ಕೆ ಮೊದಲೇ ಬಾ ಎನ್ನುತ್ತಾನೆ, ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿಯನ್ನು ತೆಗೆದುಕೊಂಡು ಬಾ ಎನ್ನುತ್ತಾನೆ, ಅದರ ಜೊತೆಗೆ ಪುಸ್ತಕಗಳನ್ನೂ ಮುಖ್ಯವಾಗಿ ಚರ್ಮದ ಕಾಗದಗಳನ್ನೂ ಎನ್ನುತ್ತಾನೆ. ಇನ್ನು ಮುಂದೆ ಪ್ರಸಂಗ ಮಾಡುವ ಅವಕಾಶವಿಲ್ಲದವನಿಗೆ ಪುಸ್ತಕ ಏತಕ್ಕೆ? ಸಭೆಯ ಮುಂದೆ ಒಪ್ಪಿಸಬೇಕಾದ ಪಾಠಕ್ಕಲ್ಲ ಎಂಬುದಂತೂ ಸ್ಪಷ್ಟ. ಹದಿನೆಂಟನೆಯ ಶತಮಾನದಲ್ಲಿ ಮೆಥಡಿಸ್ಟ್ ಚಳವಳಿಯನ್ನು ಕಟ್ಟಿದ ಜಾನ್ ವೆಸ್ಲಿ ಈ ವಚನವನ್ನೇ ಹಿಡಿದು ತಮ್ಮ ಪ್ರಸಂಗಿಗಳನ್ನು ತರಾಟೆಗೆ ತೆಗೆದುಕೊಂಡಿದ್ದರು: ಬೈಬಲ್ ಬಿಟ್ಟು ಬೇರೆ ಪುಸ್ತಕ ನಿಮಗೆ ಬೇಡವೆಂದರೆ ನೀವು ಪೌಲನಿಗಿಂತ ಮೇಲಕ್ಕೆ ಹೋಗಿದ್ದೀರಿ. ದಿನಕ್ಕೆ ಕನಿಷ್ಠ ಐದು ತಾಸು ಓದಬೇಕೆಂದು ಅವರು ವಿಧಿಸಿದ್ದರು. ಓದಿನ ರುಚಿಯೇ ನನಗಿಲ್ಲ ಎನ್ನುವವರಿಗೆ, ಅಭ್ಯಾಸದಿಂದ ರುಚಿ ಹತ್ತಿಸಿಕೊಳ್ಳಿ, ಇಲ್ಲವೇ ನಿಮ್ಮ ಹಳೆಯ ಕಸುಬಿಗೆ ಹಿಂದಿರುಗಿ ಎಂದು ಖಡಾಖಂಡಿತವಾಗಿ ಹೇಳಿದ್ದರು. ಅವರು ಸ್ವತಃ ಕುದುರೆಯ ಲಗಾಮನ್ನು ಸಡಿಲ ಬಿಟ್ಟು, ಜೀನಿನ ಮೇಲೆ ಕುಳಿತೇ ಇತಿಹಾಸವನ್ನೂ ಕಾವ್ಯವನ್ನೂ ಓದುತ್ತ ಸಾವಿರಾರು ಮೈಲಿ ತಿರುಗಿದವರು. ದಿನಕ್ಕೆ ಐದು ತಾಸು ನನಗೂ ಅತಿಯೆನಿಸುತ್ತದೆ. ಆದರೆ ಐದು ತಾಸನ್ನು ಕೇಳಿದ ಪರಂಪರೆಯಲ್ಲಿ ವರ್ಷಕ್ಕೆ ನಾಲ್ಕು ವಾರವನ್ನು ಕೇಳುವವರನ್ನು ದುರಾಸೆಯವರೆನ್ನಲಾಗದು.

ಬೇಸಿಗೆಯೇ ಏಕೆ ಎಂದೂ ಆ ಪತ್ರದಲ್ಲಿ ಕೇಳಿದ್ದಾರೆ. ಇದಕ್ಕೆ ಉತ್ತರ ಸರಳ: ಬೇಸಿಗೆಯಲ್ಲಿ ಪವಿತ್ರವಾದದ್ದೇನೂ ಇಲ್ಲ, ಬಿಡುವಿದೆ. ಈಸ್ಟರಿನ ಗಡಿಬಿಡಿ ಮುಗಿದಿರುತ್ತದೆ, ಶಾಲೆಗಳು ಮುಚ್ಚಿರುತ್ತವೆ, ಸಮಿತಿಗಳು ಸೇರುವುದು ಕಡಿಮೆ, ಅರ್ಧ ಸಭೆ ಊರು ಬಿಟ್ಟಿರುತ್ತದೆ. ಭೂಗೋಳದ ದಕ್ಷಿಣಾರ್ಧದಲ್ಲಿ ಬೇಸಿಗೆ ಕ್ರಿಸ್‌ಮಸ್ಸಿನ ಜೊತೆಗೇ ಬರುವುದರಿಂದ ಅಲ್ಲಿನ ಪಾಲಕರು ಹೊಸ ವರ್ಷ ಕಳೆದ ಮೇಲೆ ಪುಸ್ತಕ ತೆರೆಯುತ್ತಾರೆ. ಮಳೆಗಾಲದ ಮೂರು ತಿಂಗಳು ಅಲೆದಾಟವನ್ನು ನಿಲ್ಲಿಸಿ ಒಂದೆಡೆ ನೆಲೆಸುವ ವರ್ಷಾವಾಸವನ್ನು ಬೌದ್ಧ ಭಿಕ್ಷುಗಳಿಗೆ ವಿಧಿಸಿದ್ದೂ ಇಂಥದೇ ವಿವೇಕ. ಕ್ರೈಸ್ತ ಪರಂಪರೆಯೊಳಗೇ ನೋಡುವುದಾದರೆ, 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠಗಳಿಗೆ ಬರೆದ ನಿಯಮದ 48ನೆಯ ಅಧ್ಯಾಯದಲ್ಲಿ ಓದಿಗೆ ಋತುವಾರು ವೇಳಾಪಟ್ಟಿಯೇ ಇದೆ. ಈಸ್ಟರಿನಿಂದ ಅಕ್ಟೋಬರ್ ಮೊದಲ ದಿನದವರೆಗೆ, ಬಿಸಿಲೇರುವ ಮುನ್ನ ದೈಹಿಕ ಕೆಲಸ. ಸೂರ್ಯೋದಯದಿಂದ ಎಣಿಸಿ ನಾಲ್ಕನೆಯ ತಾಸಿನಿಂದ ಆರನೆಯ ತಾಸಿನವರೆಗೆ, ಅಂದರೆ ಸರಿಸುಮಾರು ಹತ್ತು ಗಂಟೆಯಿಂದ ನಡುಮಧ್ಯಾಹ್ನದವರೆಗೆ ಓದು. ಊಟದ ನಂತರ ಮೌನವಾಗಿ ವಿಶ್ರಾಂತಿ, ಆಗಲೂ ಓದಬಯಸುವವನು ಪಕ್ಕದವನಿಗೆ ತೊಂದರೆಯಾಗದಂತೆ ಓದಿಕೊಳ್ಳಬಹುದು. ಆಗಿನ ಕಾಲದಲ್ಲಿ ಒಬ್ಬನೇ ಓದುವಾಗಲೂ ಬಾಯಿಬಿಟ್ಟು ಓದುವ ರೂಢಿಯಿದ್ದದ್ದರಿಂದ ಆ ಎಚ್ಚರಿಕೆ ಬೇಕಾಗಿತ್ತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪ್ರತಿಯೊಬ್ಬನಿಗೂ ಒಂದು ಪುಸ್ತಕ ಕೊಟ್ಟು, ಅದನ್ನು ಮೊದಲಿನಿಂದ ಕೊನೆಯವರೆಗೆ ಬಿಡದೆ ಓದಬೇಕೆಂದೂ, ಓದಿನ ಹೊತ್ತಿನಲ್ಲಿ ಯಾರಾದರೂ ಹರಟುತ್ತ ಕೂತಿದ್ದಾರೆಯೇ ಎಂದು ಒಬ್ಬಿಬ್ಬರು ಹಿರಿಯರು ಸುತ್ತಿ ನೋಡಬೇಕೆಂದೂ ಅದರಲ್ಲೇ ಇದೆ. ಓದನ್ನು ಕೆಲಸದ ನಡುವಿನ ಬಿಡುವೆಂದು ಆ ನಿಯಮ ತಿಳಿದಿಲ್ಲ. ಕೆಲಸಕ್ಕೂ ಓದಿಗೂ ಒಂದೇ ವೇಳಾಪಟ್ಟಿಯಲ್ಲಿ ಜಾಗ ಕೊಟ್ಟಿದೆ.

ಮರುವರ್ಷ ಅರ್ಜಿ ಮತ್ತೆ ಬಂತು. ಈ ಬಾರಿ ನಾನು ಲೆಕ್ಕ ಹೇಳಲಿಲ್ಲ, ಒಪ್ಪಿಗೆಯೂ ಹೇಳಲಿಲ್ಲ, ಕೈ ಎತ್ತದೆ ಕುಳಿತೆ. ಹೇಗೋ ಮಂಜೂರಾಯಿತು. ನಾಲ್ಕು ಪುಸ್ತಕದ ಪಟ್ಟಿ ಈಗ ಒಂದಕ್ಕೆ ಇಳಿದಿತ್ತು: ಬೈಬಲಿನ ಯೋಬನ ಪುಸ್ತಕ ಮತ್ತು ಅದರ ಮೇಲಿನ ಆ ನಲವತ್ತೊಂದನೆಯ ಪುಟದ ವ್ಯಾಖ್ಯಾನ. ಬಂದ ಮೇಲೆ ಅವರು ಯೋಬನ ಮೇಲೆ ಸರಣಿ ಪ್ರಸಂಗ ಮಾಡುತ್ತಾರೆಂದು ನಾವೆಲ್ಲ ಕಾದಿದ್ದೆವು, ಮಾಡಲಿಲ್ಲ. ಕೊಟ್ಟ ರಜೆ ನೀರಿನಲ್ಲಿ ಹೋಮವಾಯಿತೆಂದು ಹೇಳಿದವರಲ್ಲಿ ನಾನೂ ಇದ್ದೆ.

ಆ ವರ್ಷದ ಕೊನೆಯಲ್ಲಿ ನನ್ನ ತಮ್ಮ ಅಪಘಾತದಲ್ಲಿ ತೀರಿಕೊಂಡ. ಮೂವತ್ತೆಂಟು ವರ್ಷ. ಮನೆಗೆ ಬಂದವರೆಲ್ಲ ಏನಾದರೂ ಹೇಳುತ್ತಿದ್ದರು, ಹೇಳಬೇಕಲ್ಲ. ದೇವರ ಚಿತ್ತ ಎಂದರು, ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ ಎಂದರು, ಇದರಲ್ಲೂ ಏನೋ ಉದ್ದೇಶವಿರುತ್ತದೆ ಎಂದರು. ನನ್ನ ತಾಯಿ ಎಲ್ಲಕ್ಕೂ ತಲೆಯಾಡಿಸುತ್ತ, ಒಂದೊಂದು ಮಾತಿಗೂ ಇನ್ನಷ್ಟು ಕುಗ್ಗುತ್ತಿದ್ದರು. ಪಾಲಕರು ಬಂದು ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಏನೂ ಹೇಳಲಿಲ್ಲ. ಎರಡು ತಾಸು ಹಾಗೆಯೇ ಕುಳಿತಿದ್ದರು. ಕೊನೆಗೆ ತಾಯಿಯೇ, ದೇವರು ನನಗೆ ಯಾಕೆ ಹೀಗೆ ಮಾಡಿದ ಅಯ್ಯನವರೇ ಎಂದು ಕೇಳಿದಾಗ, ಗೊತ್ತಿಲ್ಲಮ್ಮ, ಅವನನ್ನೇ ಕೇಳಿ, ಜೋರಾಗಿ ಕೇಳಿ, ಅವನು ಸಿಟ್ಟಾಗುವುದಿಲ್ಲ ಎಂದರು. ನನ್ನ ತಾಯಿ ಆಗ ಮೊದಲ ಬಾರಿಗೆ ಬಾಯಿಬಿಟ್ಟು ಅತ್ತರು.

ಯೋಬನ ಪುಸ್ತಕದಲ್ಲಿ 42 ಅಧ್ಯಾಯಗಳಿವೆ. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಮೊದಲಿನ ಎರಡು ಅಧ್ಯಾಯ ಮತ್ತು ಕೊನೆಯ ಹನ್ನೊಂದು ವಚನ, ಅಂದರೆ ಗದ್ಯದಲ್ಲಿರುವ ಕಥೆ: ಒಳ್ಳೆಯವನು ಎಲ್ಲವನ್ನೂ ಕಳೆದುಕೊಂಡ, ತಾಳಿಕೊಂಡ, ಎರಡರಷ್ಟು ಪಡೆದ. ಅವಸರದ ಪ್ರಸಂಗಕ್ಕೆ ಅಷ್ಟು ಸಾಕು. ಆದರೆ ನಡುವಿನ ಸುಮಾರು ನಲವತ್ತು ಅಧ್ಯಾಯಗಳ ಕಾವ್ಯದಲ್ಲಿ ಯೋಬ ತಾಳಿಕೊಂಡು ಕೂತಿಲ್ಲ. ಮೂರನೆಯ ಅಧ್ಯಾಯದಲ್ಲೇ ಹುಟ್ಟಿದ ದಿನವನ್ನು ಶಪಿಸುತ್ತಾನೆ, ಮುಂದೆ ದೇವರನ್ನು ಕಟಕಟೆಗೆ ಕರೆಯುತ್ತಾನೆ. ಅವನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ದೇವರ ಪರವಾಗಿ ವಕಾಲತ್ತು ವಹಿಸಿ, ಕೇಳುವುದಕ್ಕೆ ಬಲು ಭಕ್ತಿಯುತವಾದ ಮಾತುಗಳನ್ನು ಆಡುತ್ತಾರೆ. ಕೊನೆಯಲ್ಲಿ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ: ನನ್ನ ದಾಸನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಯುಕ್ತವಾದದ್ದನ್ನು ಆಡಲಿಲ್ಲ. ಆ ಗೆಳೆಯರು ಸರಿಯಾಗಿ ನಡೆದುಕೊಂಡದ್ದು ಒಮ್ಮೆ ಮಾತ್ರ, ಎರಡನೆಯ ಅಧ್ಯಾಯದ ಕೊನೆಯಲ್ಲಿ. ಅಲ್ಲಿ ಅವರು ಯೋಬನ ದುಃಖ ಬಹಳ ದೊಡ್ಡದೆಂದು ಕಂಡು, ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ನಮ್ಮ ಪಾಲಕರ ನಾಲ್ಕು ವಾರದ ಓದು ಎಲ್ಲಿ ಹೋಯಿತೆಂದು ನನಗೆ ಗೊತ್ತಾದದ್ದು ನಮ್ಮ ಮನೆಯ ನೆಲದ ಮೇಲೆ. ಅದು ಪ್ರಸಂಗವಾಗಿ ಹೊರಬಂದಿದ್ದರೆ ನಾನು ಚೆನ್ನಾಗಿತ್ತು ಎಂದು ಕೈಕುಲುಕಿ ಮನೆಗೆ ಹೋಗುತ್ತಿದ್ದೆ.

ಇದಾದ ಮೇಲೆಯೇ ಸಭಾಪಾಲಕರ ಓದಿನಲ್ಲಿ ಎರಡು ಬಗೆ ಇದೆಯೆಂದು ನನಗೆ ತಿಳಿದದ್ದು. ಒಂದು, ಭಾನುವಾರದ ಸರಕಿಗಾಗಿ ಓದುವುದು: ಒಂದು ದೃಷ್ಟಾಂತ, ಒಂದು ಉಕ್ತಿ, ಮೂರು ಅಂಶ. ಇದನ್ನು ನಾನು ಹೀಗಳೆಯುವುದಿಲ್ಲ, ಇದಿಲ್ಲದೆ ವಾರ ಸಾಗದು. ಈಗಂತೂ ಸಿದ್ಧ ಪ್ರಸಂಗಗಳು ಮೊಬೈಲಿನಲ್ಲೇ ದೊರೆಯುವುದರಿಂದ ಇಷ್ಟೂ ಓದದೆ ಸಾಗಿಸುವವರಿದ್ದಾರೆ. ಇನ್ನೊಂದು, ಏನು ಸಿಗುತ್ತದೆಂದು ಗೊತ್ತಿಲ್ಲದೆ ಓದುವುದು. ಇದಕ್ಕೆ ಉದ್ದನೆಯ, ತುಂಡಾಗದ ಹೊತ್ತು ಬೇಕು. ಓದಿದ ಪುಟಕ್ಕೇ ಹಿಂದಿರುಗುವ, ಲೇಖಕನೊಡನೆ ಜಗಳವಾಡಿ ಪುಸ್ತಕ ಮುಚ್ಚಿ ಎರಡು ದಿನ ಸುಮ್ಮನಿರುವ, ನನಗಿದು ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುವ ಸ್ವಾತಂತ್ರ್ಯ ಬೇಕು. ವರ್ಷವಿಡೀ ಉತ್ತರ ಹೇಳುವ ಜಾಗದಲ್ಲಿ ನಿಂತವರು ಕೆಲವು ವಾರವಾದರೂ ಕಲಿಯುವವರ ಬೆಂಚಿಗೆ ಬಂದು ಕೂರುವುದು ಅವರ ಆತ್ಮಕ್ಕೇ ಒಳ್ಳೆಯದು. ಗಂಟೆಗೊಮ್ಮೆ ಫೋನು ಹೊಡೆದುಕೊಳ್ಳುವ ದಿನಗಳಲ್ಲಿ ಇದು ಆಗುವ ಮಾತಲ್ಲ.

ಬೇಸಿಗೆಯ ಓದು ಮುಂದಿನ ವರ್ಷದ ಪ್ರಸಂಗಗಳಿಗೂ ಒದಗುತ್ತದೆ ಎಂಬುದನ್ನು ಅಲ್ಲಗಳೆಯುತ್ತಿಲ್ಲ. ಹಲವು ಪ್ರೊಟೆಸ್ಟೆಂಟ್ ಸಭೆಗಳು ಬಳಸುವ, 1992ರಲ್ಲಿ ಪ್ರಕಟವಾದ ಪರಿಷ್ಕೃತ ಸಾಮಾನ್ಯ ವಾಚನಪಟ್ಟಿಯೂ (ಯಾವ ಭಾನುವಾರ ಬೈಬಲಿನ ಯಾವ ಭಾಗ ಓದಬೇಕೆಂಬ ಪಟ್ಟಿ), ಅದಕ್ಕೆ ಆಧಾರವಾದ ಕಥೋಲಿಕ ವಾಚನಪಟ್ಟಿಯೂ ಮೂರು ವರ್ಷದ ಸುತ್ತಿನವು: ಯೇಸುವಿನ ಜೀವನವನ್ನು ಹೇಳುವ ಸುವಾರ್ತೆಗಳಲ್ಲಿ ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಮಾರ್ಕನ ವರ್ಷದಲ್ಲಿ ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಒಂದು ಕಠಿಣ ಏರು ಎದುರಾಗುತ್ತದೆ. ಮಾರ್ಕನ ಸುವಾರ್ತೆ ಚಿಕ್ಕದಾದ್ದರಿಂದ ಅದನ್ನು ನಡುವೆ ನಿಲ್ಲಿಸಿ, ಯೋಹಾನನ ಆರನೆಯ ಅಧ್ಯಾಯವನ್ನು ಸತತವಾಗಿ ಐದು ಭಾನುವಾರ ಓದಿಸುತ್ತಾರೆ. ಯೇಸು ಐದು ರೊಟ್ಟಿಯಿಂದ ಸಾವಿರಾರು ಜನರಿಗೆ ಉಣಿಸಿದ ಅದ್ಭುತದಿಂದ ಹೊರಟು, ಜೀವದ ರೊಟ್ಟಿ ನಾನೇ ಎಂಬ ಆತನ ಮಾತನ್ನು ಸುತ್ತಿ ಸುತ್ತಿ ಬರುವ ಅಧ್ಯಾಯವದು. ಮೊದಲ ಭಾನುವಾರ ಸುಲಭ. ಮೂರನೆಯ ಭಾನುವಾರಕ್ಕೆ ಪಾಲಕರ ಬಳಿ ರೊಟ್ಟಿಯ ಬಗ್ಗೆ ಹೇಳುವುದೇನೂ ಉಳಿದಿರುವುದಿಲ್ಲ. ಐದನೆಯದಕ್ಕೆ, ಈ ಮಾತು ಕಠಿಣ ಎಂದು ಶಿಷ್ಯರೇ ಗೊಣಗಿ ಬಿಟ್ಟುಹೋಗುವ ಭಾಗ ಬರುವಾಗ, ಕೇಳುತ್ತ ಕುಳಿತ ನಮಗೂ ಅವರ ಮೇಲೆ ಸಹಾನುಭೂತಿ ಹುಟ್ಟಿರುತ್ತದೆ. 2024ರಲ್ಲಿ ಇದು ಬಂದಿತ್ತು, 2027ರಲ್ಲಿ ಮತ್ತೆ ಬರುತ್ತದೆ. ಆ ಐದು ವಾರಗಳನ್ನು ಶನಿವಾರ ರಾತ್ರಿಗಳ ಬಲದಿಂದ ದಾಟಿದವರನ್ನೂ, ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನದ ಕಥೆಯನ್ನೂ ಯೆಹೂದ್ಯರ ಪಸ್ಕಹಬ್ಬದ ಹಿನ್ನೆಲೆಯನ್ನೂ ಬಿಡುವಿನಲ್ಲಿ ಓದಿಕೊಂಡು ಬಂದವರನ್ನೂ ನಾನು ಕೇಳಿದ್ದೇನೆ. ವ್ಯತ್ಯಾಸವನ್ನು ಕಂಡುಹಿಡಿಯಲು ದೈವಶಾಸ್ತ್ರ ಕಲಿತಿರಬೇಕಿಲ್ಲ.

ಕಾದಂಬರಿ, ಕವಿತೆ ಓದುವುದಕ್ಕೂ ಅಧ್ಯಯನ ರಜೆಯೇ ಎಂಬ ಆಕ್ಷೇಪವನ್ನೂ ಕೇಳಿದ್ದೇನೆ. 2025ರಲ್ಲಿ ದಿವಂಗತರಾದ ಪೋಪ್ ಫ್ರಾನ್ಸಿಸ್ ಅವರು 2024ರ ಜುಲೈ 17ರಂದು ಸಾಹಿತ್ಯದ ಓದಿನ ಮಹತ್ವವನ್ನು ಕುರಿತೇ ಒಂದು ಪತ್ರ ಬರೆದರು. ಮೊದಲು ಗುರುಗಳ ತರಬೇತಿಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿದ್ದರೂ, ನಂತರ ಅದನ್ನು ಎಲ್ಲ ಕ್ರೈಸ್ತರಿಗೂ ವಿಸ್ತರಿಸಿದರು. ರಜೆಯ ಬೇಸರದಲ್ಲಿ, ಜನವಿಲ್ಲದ ಬೀದಿಗಳ ಬಿಸಿಲು ಮತ್ತು ಮೌನದ ನಡುವೆ, ಒಳ್ಳೆಯ ಪುಸ್ತಕವೊಂದು ಮರುಭೂಮಿಯ ನೀರಿನ ತಾಣವಾಗುತ್ತದೆ ಎಂಬ ಮಾತು ಅದರ ಆರಂಭದಲ್ಲೇ ಬರುತ್ತದೆ. 1964-65ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ಅರ್ಜೆಂಟೀನದ ಸಾಂತಾ ಫೆಯ ಯೇಸುಸಭೆಯ (ಜೆಸ್ಯುಟ್ ಗುರುಗಳ) ಶಾಲೆಯಲ್ಲಿ ಸಾಹಿತ್ಯ ಕಲಿಸುತ್ತಿದ್ದಾಗ, ಹುಡುಗರು ಪಠ್ಯದ ಹಳೆಯ ಕಾವ್ಯ ಬೇಡವೆಂದರಂತೆ. ಅದನ್ನು ಮನೆಯಲ್ಲಿ ಓದಿಕೊಳ್ಳಿ, ತರಗತಿಯಲ್ಲಿ ನಿಮಗಿಷ್ಟವಾದ ಲೇಖಕರನ್ನು ಚರ್ಚಿಸೋಣ ಎಂದು ಅವರು ಒಪ್ಪಿಕೊಂಡರಂತೆ. ಇನ್ನೊಬ್ಬರ ಕಣ್ಣಿನಿಂದ ನೋಡುವುದನ್ನು ಸಾಹಿತ್ಯ ಕಲಿಸುತ್ತದೆ ಎಂಬುದು ಆ ಪತ್ರದ ತಿರುಳು. ಪಾಪನಿವೇದನೆ ಕೇಳುವವರಿಗೆ, ಮುರಿದ ಸಂಸಾರಗಳ ನಡುವೆ ಕೂರುವವರಿಗೆ ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ವಿದ್ಯೆ ಯಾವುದೆಂದು ನನಗೆ ಹೊಳೆಯದು. ಹೆಂಡತಿಯ ಮಾತನ್ನು ಗಂಡನ ಪರವಾಗಿಯೇ ಕೇಳಿಸಿಕೊಂಡ ಪಾಲಕರನ್ನು ನೋಡಿದ್ದೇನೆ; ಅವರ ಕಪಾಟಿನಲ್ಲಿ ಒಂದೇ ಒಂದು ಕಾದಂಬರಿಯೂ ಇರಲಿಲ್ಲ. ಇದರಿಂದ ಸಿದ್ಧಾಂತ ಕಟ್ಟುವುದಿಲ್ಲ, ನೋಡಿದ್ದನ್ನು ಹೇಳುತ್ತಿದ್ದೇನೆ.

ಪತ್ರ ಬರೆದವರ ಒಂದು ಮಾತು ಮಾತ್ರ ನನ್ನನ್ನು ಚುಚ್ಚಿದ್ದು ನಿಜ. ಬಸ್ ಓಡಿಸುವವರಿಗೆ, ದಾದಿಯರಿಗೆ, ಗಾರೆ ಕೆಲಸದವರಿಗೆ ಯಾರು ಓದಲು ಬಿಡುವು ಕೊಡುತ್ತಾರೆ, ಪಾಲಕರಿಗೆ ಮಾತ್ರ ಏಕೆ ಎಂದು ಅವರು ಕೇಳಿದ್ದಾರೆ. ಇದಕ್ಕೆ ನನ್ನ ಬಳಿ ಪೂರ್ಣವಾದ ಉತ್ತರವಿಲ್ಲ. ಅವರಿಗೂ ಸಿಗಬೇಕು ಎನ್ನುವುದೇ ನ್ಯಾಯ. ಆದರೆ ಯಾರಿಗೂ ಇಲ್ಲದ್ದರಿಂದ ಇವರಿಗೂ ಬೇಡ ಎನ್ನುವಾಗ, ಪಾಲಕರ ಕೆಲಸದಲ್ಲಿ ಉಪಕರಣವೂ ಅವರೇ ಎಂಬುದನ್ನು ಮರೆಯುತ್ತೇವೆ. ಬಸ್ಸು ಸವೆದರೆ ಡಿಪೋಗೆ ಹೋಗುತ್ತದೆ. ಇವರು ಒಳಗೊಳಗೇ ಸವೆದರೆ ಹೊರಗೆ ಗೊತ್ತಾಗುವುದೂ ಇಲ್ಲ. ಧ್ವನಿ ಅದೇ ಇರುತ್ತದೆ, ಆಶೀರ್ವಚನದ ಮಾತುಗಳು ಅವೇ ಇರುತ್ತವೆ. ಓದಿನ ಹೆಸರಿನಲ್ಲಿ ಪ್ರವಾಸ ಹೋಗಿಬರುವವರಿದ್ದಾರೆ, ಓದಿಬಂದು ಸಭೆಯ ಮೇಲೆ ಪಾಂಡಿತ್ಯವನ್ನು ಸುರಿಯುವವರೂ ಇದ್ದಾರೆ. ಅಂಥವರನ್ನು ಸಮಿತಿ ಕರೆದು ಕೇಳಲಿ. ಹಾಗೆಂದು ಎಲ್ಲರ ಕಪಾಟಿಗೂ ಬೀಗ ಹಾಕುವುದು ಬೇಡ.

ಇದನ್ನು ಪಾಲಕರ ಖಾಸಗಿ ಚಪಲವೆಂದು ಸಭೆಗಳ ನಿಯಮಗಳೂ ತಿಳಿದಿಲ್ಲ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 279ನೆಯ ಕಲಮು, ದೀಕ್ಷೆಯ ನಂತರವೂ ಗುರುಗಳು ಪವಿತ್ರ ಅಧ್ಯಯನವನ್ನು ಮುಂದುವರಿಸಬೇಕು, ಪಾಲನಾ ಸೇವೆಗೆ ನೆರವಾಗುವ ಇತರ ಶಾಸ್ತ್ರಗಳ ತಿಳಿವಳಿಕೆಯನ್ನೂ ಬೆಳೆಸಿಕೊಳ್ಳಬೇಕು ಎನ್ನುತ್ತದೆ. ಧರ್ಮಕೇಂದ್ರದ ಗುರುಗಳಿಗೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆಯ ಅವಕಾಶ ಕೊಡುವ 533ನೆಯ ಕಲಮು, ವಾರ್ಷಿಕ ಆಧ್ಯಾತ್ಮಿಕ ಏಕಾಂತದ ದಿನಗಳನ್ನು ಆ ತಿಂಗಳಲ್ಲಿ ಎಣಿಸಬಾರದೆಂದು ಸ್ಪಷ್ಟಪಡಿಸುತ್ತದೆ. ಪ್ರೊಟೆಸ್ಟೆಂಟರಲ್ಲೊಂದು ಪಂಗಡವಾದ ಪ್ರೆಸ್ಬಿಟೇರಿಯನ್ನರ ಹಲವು ಸಭೆಗಳಲ್ಲಿ ಪಾಲಕರ ನೇಮಕದ ಕರಾರಿನಲ್ಲೇ ರಜೆಯೊಂದು ಸಾಲು, ಅಧ್ಯಯನ ರಜೆ ಇನ್ನೊಂದು ಸಾಲಾಗಿರುತ್ತದೆ. ಬೇಸಿಗೆ ಮತ್ತು ಓದಿನ ನಂಟು ಪಾಲಕರಿಗಷ್ಟೇ ಸೀಮಿತವೂ ಅಲ್ಲ. 1874ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಶಟಾಕ್ವ ಸರೋವರದ ದಡದಲ್ಲಿ, ಭಾನುವಾರ ಶಾಲೆಯ ಶಿಕ್ಷಕರಿಗಾಗಿ ಮೆಥಡಿಸ್ಟ್ ಪಾಲಕ ಜಾನ್ ವಿನ್ಸೆಂಟ್ ಮತ್ತು ಉದ್ಯಮಿ ಲೂಯಿಸ್ ಮಿಲ್ಲರ್ ಆರಂಭಿಸಿದ ಬೇಸಿಗೆಯ ಶಿಬಿರ ಬೆಳೆದು, 1878ರಲ್ಲಿ ನಾಲ್ಕು ವರ್ಷದ ಮನೆಯೋದಿನ ಕ್ರಮವಾಯಿತು. ಕಾಲೇಜಿನ ಮೆಟ್ಟಿಲು ಹತ್ತದ ಸಾಮಾನ್ಯ ಜನರು ಅದರಲ್ಲಿ ಸೇರಿ ಓದಿದರು.

ಆದ್ದರಿಂದ ಪತ್ರ ಬರೆದವರ ಸಮಿತಿಗೆ, ಒಬ್ಬ ಮಾಜಿ ಖಜಾಂಚಿಯಾಗಿ, ಕೆಲವು ಮಾತು. ರಜೆ ಮತ್ತು ಅಧ್ಯಯನವನ್ನು ಲೆಕ್ಕದಲ್ಲೇ ಬೇರೆ ಮಾಡಿ. ಒಂದೇ ತಲೆಬರಹದಲ್ಲಿ ಇಟ್ಟಾಗಲೇ ಅನುಮಾನ ಹುಟ್ಟುವುದು. ಪುಸ್ತಕಕ್ಕೆಂದು ವರ್ಷಕ್ಕೊಂದು ಮೊತ್ತವನ್ನು, ಚಿಕ್ಕದಾದರೂ ಸರಿ, ಮುಂಗಡಪತ್ರದಲ್ಲಿ ತೋರಿಸಿ. ಆ ವಾರಗಳಲ್ಲಿ ಸಾವು ಮತ್ತು ಗಂಭೀರ ಕಾಯಿಲೆಯ ಕರೆಗಳನ್ನು ಯಾರು ತೆಗೆದುಕೊಳ್ಳಬೇಕೆಂದು ಹೆಸರು ಹಿಡಿದು ಗೊತ್ತುಮಾಡಿ, ಅದನ್ನು ಪ್ರಕಟಣಾ ಫಲಕದಲ್ಲಿ ಹಾಕಿ. ಛಾವಣಿಗೆ, ಧ್ವನಿವರ್ಧಕಕ್ಕೆ ಅವರಿಗೆ ಫೋನು ಮಾಡಬೇಡಿ. ಹಿಂದಿರುಗಿದ ಮೇಲೆ ಓದಿದ್ದರ ವರದಿಯನ್ನು ಬರವಣಿಗೆಯಲ್ಲಿ ಕೇಳಬೇಡಿ, ಅದು ಪರೀಕ್ಷೆಯಾಗುತ್ತದೆ; ಒಂದು ಸಂಜೆ ಕಾಫಿಗೆ ಕರೆದು, ಏನು ಓದಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂದು ವಿಚಾರಿಸಿ. ಸಾಧ್ಯವಾದರೆ ಅವರು ಓದುವ ಪುಸ್ತಕಗಳಲ್ಲೊಂದನ್ನು ನೀವೂ ಕೆಲವರು ಓದಿ. ಇದು ನಮ್ಮಲ್ಲಿ ಎರಡು ವರ್ಷ ನಡೆದು ನಿಂತುಹೋಯಿತು, ಅದರ ತಪ್ಪು ಪಾಲಕರದ್ದಲ್ಲ.

ನಮ್ಮ ಆ ಪಾಲಕರು ವರ್ಗವಾಗಿ ಬೇರೆ ಸಭೆಗೆ ಹೋಗಿದ್ದಾರೆ. ಈಗಿನವರು ಕಿರಿಯರು, ದೀಕ್ಷೆಯಾಗಿ ಇನ್ನೂ ಆರು ವರ್ಷ. ಅವರ ಅರ್ಜಿ ಹೋದ ತಿಂಗಳ ಸಮಿತಿಯಲ್ಲಿ ಬಂತು. ಕಾರ್ಯಸೂಚಿಯಲ್ಲಿ ಈಗಲೂ ಕೊನೆಯ ವಿಷಯ ಅದೇ, ಛಾವಣಿ ಈಗಲೂ ಸೋರುತ್ತಿದೆ. ಎರಡು ನಿಮಿಷದಲ್ಲಿ ಮಂಜೂರಾಯಿತು. ಅವರಿಲ್ಲದ ನಾಲ್ಕು ಭಾನುವಾರಗಳ ವಾಚನವನ್ನು ಹಂಚಿದಾಗ ಎರಡನೆಯದು ನನ್ನ ಪಾಲಿಗೆ ಬಂದಿದೆ. ಯಾವ ಭಾಗ ಓದಲಿ ಎಂದು ಕೇಳಿದ್ದಕ್ಕೆ, ನಿಮಗಿಷ್ಟವಾದದ್ದನ್ನು ಆರಿಸಿಕೊಳ್ಳಿ ಎಂದಿದ್ದಾರೆ. ಯೋಬನ ಪುಸ್ತಕದ ಮೂರನೆಯ ಅಧ್ಯಾಯವನ್ನು ಆರಿಸಿಕೊಂಡಿದ್ದೇನೆ. ಸಭೆಯಲ್ಲಿ ಅದನ್ನು ಓದಿದ್ದು ಇದುವರೆಗೆ ನಾನು ಕೇಳಿಲ್ಲ.

ಇತಿ,
ಸಭೆಯೊಂದರ ಮಾಜಿ ಖಜಾಂಚಿ